ಫ್ರೀಜರ್ ರೂಮಿನ ತೇವಾಂಶ ಸೆನ್ಸರ್ ಕೆಟ್ಟಿದೆಯಾ? ಬದಲಾಯಿಸುವ ಮುಂಚೆ ಇಷ್ಟು ನೋಡಿ

ಮಂಡ್ಯದ ಹತ್ತಿರ ಒಂದು ಐಸ್‌ಕ್ರೀಮ್ ಗೋಡೌನ್ ಇದೆ. ಒಂದು ದಿನ ಬೆಳಿಗ್ಗೆ ಏಳಕ್ಕೇ ಅಲ್ಲಿನ ಸ್ಟೋರ್ ನೋಡಿಕೊಳ್ಳುವ ಹುಡುಗ ಫೋನ್ ಮಾಡಿದ. "ಅಣ್ಣ, ಮೂರನೇ ಸೆನ್ಸರೂ ಹೋಯ್ತು ಕಣಣ್ಣ. ಎಂಬತ್ಮೂರಕ್ಕೆ ನಿಂತ್ಬುಟ್ಟದೆ. ರಾತ್ರಿಯಿಂದ ಅಲ್ಲಾಡ್ತಾನೇ ಇಲ್ಲ."

ಹೋಗಿ ನೋಡಿದೆ. ರೂಮು ಮೈನಸ್ 19ರಲ್ಲಿ ಓಡುತ್ತಿತ್ತು. ಸ್ಟೂಲ್ ಹತ್ತಿ ಸೆನ್ಸರ್ ಮೇಲೆ ಟಾರ್ಚ್ ಬಿಟ್ಟೆ. ಕ್ಯಾಪಿನ ಜಾಲರಿ ಕಾಣುತ್ತಲೇ ಇರಲಿಲ್ಲ. ಸಕ್ಕರೆ ಪುಡಿ ಮೆತ್ತಿದ ಹಾಗೆ ಬೆಳ್ಳಗೆ ಹಿಮ ಕೂತಿತ್ತು. ಸೆನ್ಸರ್ ಡಬ್ಬದ ಹಿಂದೆ ಪಫ್ ಪ್ಯಾನೆಲ್, ಅಂದರೆ ಫೋಮ್ ತುಂಬಿದ ಗೋಡೆ ಹಲಗೆ, ಕೊರೆದು ಕೇಬಲ್ ತಂದಿದ್ದರು. ಕೇಬಲ್ ಸುತ್ತ ನನ್ನ ಕಿರುಬೆರಳು ಹೋಗುವಷ್ಟು ಸಂದು. ಹೊರಗಿನ ವರಾಂಡದ ಗಾಳಿ ಅದರಲ್ಲೇ ನುಗ್ಗಿ ನೇರವಾಗಿ ಸೆನ್ಸರ್ ಮೇಲೆ ಬರುತ್ತಿತ್ತು. "ಕೆಟ್ಟುಹೋದವು" ಅಂತ ಡ್ರಾಯರಿಗೆ ಹಾಕಿದ್ದ ಹಿಂದಿನ ಎರಡು ಸೆನ್ಸರ್‌ಗಳನ್ನು ಮನೆಗೆ ತಂದು ಉಪ್ಪಿನ ಪರೀಕ್ಷೆ ಮಾಡಿದೆ (ಮಾಡುವುದು ಹೇಗೆ ಅಂತ ಕೆಳಗೆ ಹೇಳಿದ್ದೇನೆ). 75 ತೋರಿಸಬೇಕಾದ ಕಡೆ ಒಂದು 74, ಇನ್ನೊಂದು 76 ತೋರಿಸಿತು. ಎರಡೂ ಚೆನ್ನಾಗಿದ್ದವು.

ಸಾವಿರಾರು ರೂಪಾಯಿ ಕೊಟ್ಟು ತಂದ ವಸ್ತು ಹೀಗೆ ಡ್ರಾಯರ್ ಸೇರುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮೈಸೂರು, ಮಂಡ್ಯದಲ್ಲಿ ಡಿಸೆಂಬರ್ ಚಳಿಗೂ ಗಾಳಿ ಸೊನ್ನೆ ಮುಟ್ಟುವುದಿಲ್ಲ. ಹಾಗಾಗಿ ಸೊನ್ನೆಯ ಕೆಳಗೆ ಸೆನ್ಸರ್ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ನಮ್ಮಲ್ಲಿ ತುಂಬಾ ಜನರಿಗೆ ಅಭ್ಯಾಸವಿಲ್ಲ. ಐಸ್‌ಕ್ರೀಮ್, ಬಟಾಣಿ, ಮೀನು, ಮಾಂಸ ಇಡುವ ಫ್ರೀಜರ್ ರೂಮುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ರೇಷ್ಮೆ ಮೊಟ್ಟೆ ಇಡುವ ಕೋಲ್ಡ್ ರೂಮುಗಳು 2.5, 5 ಡಿಗ್ರಿಯಲ್ಲಿ, ಅಂದರೆ ಸೊನ್ನೆಯ ಮೇಲೆ ಇರುತ್ತವೆ. ಕೆಳಗೆ ಕೊಟ್ಟಿರುವ ಹಿಮದ ಲೆಕ್ಕ ಅಲ್ಲಿಗೆ ಬೇಡ.

ಒಳಗೆ ಕಾಲಿಡುವ ಮುಂಚೆ

ಒಬ್ಬರೇ ಹೋಗಬೇಡಿ. ಹೋಗಲೇಬೇಕಾದರೆ ಹೊರಗೆ ಒಬ್ಬರಿಗೆ ಹೇಳಿ, ಎಷ್ಟು ಹೊತ್ತಿಗೆ ಬರುತ್ತೀರಿ ಅನ್ನುವುದನ್ನೂ ಹೇಳಿ. ಬಾಗಿಲನ್ನು ಒಳಗಿನಿಂದ ತೆಗೆಯುವ ಹಿಡಿ ಕೆಲಸ ಮಾಡುತ್ತಿದೆಯಾ ಅಂತ ಬಾಗಿಲು ತೆರೆದಿರುವಾಗಲೇ ನೋಡಿಕೊಳ್ಳಿ. ಗ್ಲೌಸ್, ದಪ್ಪ ಜಾಕೆಟ್, ಜಾರದ ಶೂ ಹಾಕಿ. ಬಾಗಿಲ ಹತ್ತಿರ ನೆಲದ ಮೇಲೆ ಐಸ್ ಕಟ್ಟಿರುತ್ತದೆ, ಸ್ಟೂಲ್ ಅಲ್ಲೇ ಜಾರುವುದು.

ಅಮೋನಿಯಾ ಗ್ಯಾಸಿನಿಂದ ತಂಪು ಮಾಡುವ ಪ್ಲಾಂಟ್ ಆಗಿದ್ದು ಮೂಗಿಗೆ ಘಾಟು ಬಡಿದರೆ, ಕಣ್ಣು ಉರಿದರೆ ಸೆನ್ಸರ್ ವಿಚಾರ ಅಲ್ಲಿಗೇ ಬಿಡಿ. ಹೊರಗೆ ಬಂದು ಪ್ಲಾಂಟ್ ಆಪರೇಟರಿಗೆ ತಿಳಿಸಿ. ಫ್ರಿಯಾನ್ ಥರದ ಗ್ಯಾಸಿಗೆ ವಾಸನೆ ಇರುವುದಿಲ್ಲ. ಅಲ್ಲಿ ತಲೆ ಸುತ್ತಿದ ಹಾಗಾದರೆ ಕೂಡಲೇ ಹೊರಗೆ ಬನ್ನಿ.

ರೂಮನ್ನು ತಂಪು ಮಾಡುವ ಕೊಳವೆ ಸುರುಳಿಯೇ ಕಾಯಿಲ್, ಅದರ ಮೇಲೆ ಕಟ್ಟಿದ ಐಸನ್ನು ಆಗಾಗ ಕರಗಿಸುವುದೇ ಡಿಫ್ರಾಸ್ಟ್. ಕಾಯಿಲ್‌ನ ಡಿಫ್ರಾಸ್ಟ್ ಹೀಟರ್‌ಗಳಿಗೆ 230 ಅಥವಾ 415 ವೋಲ್ಟ್ ಬರುತ್ತದೆ. ಟೈಮರ್ ಯಾವಾಗ ಬೇಕಾದರೂ ಆನ್ ಮಾಡಬಹುದು. ಕಾಯಿಲ್ ಕವರ್ ನೀವು ಬಿಚ್ಚಬೇಡಿ.

ಡಿಸ್‌ಪ್ಲೇ ಮಂಕಾಗಿದೆ, ಅಂಕಿ ನಿಧಾನ ಬದಲಾಗುತ್ತೆ, ಆಗಾಗ ಖಾಲಿ

ಮೊದಲು ಬ್ಯಾಟರಿ ನೋಡಿ. ಮಾಮೂಲಿ ಆಲ್ಕಲೈನ್ ಸೆಲ್ ಮೈನಸ್ 20ರಲ್ಲಿ ಬೇಗ ಸೋಲುತ್ತದೆ. ಹೊರಗೆ ತಂದು ಬೆಚ್ಚಗಾದ ಮೇಲೆ ಮತ್ತೆ ಸರಿಯಾಗಿ ಓಡುತ್ತದೆ. ಅದನ್ನು ನೋಡಿ ಮೋಸಹೋಗುವವರೇ ಜಾಸ್ತಿ. ಅದೇ ಅಳತೆಯ ಲಿಥಿಯಂ ಸೆಲ್ ಹಾಕಿ. ಎಲ್‌ಸಿಡಿ ಪರದೆಯೂ ಚಳಿಗೆ ಮಂದವಾಗುತ್ತದೆ, ಅದು ದೋಷವಲ್ಲ. ಆದಷ್ಟು ಪರದೆಯನ್ನು ರೂಮಿನ ಹೊರಗಿಟ್ಟು, ಸೆನ್ಸರ್ ತಲೆಯನ್ನು ಮಾತ್ರ ಒಳಗೆ ಬಿಡಿ.

ಸುತ್ತ ಎಲ್ಲಾ ಹಿಮ, ಆದರೂ 82 ದಾಟುವುದೇ ಇಲ್ಲ

ಅತಿ ಹೆಚ್ಚು ಬರುವ ದೂರು ಇದೇ. ಗೋಡೆ ಮೇಲೆ ಹಿಮ, ಪ್ಯಾಕೆಟ್ ಮೇಲೆ ಹಿಮ, ಗಾಳಿ ಪೂರ್ತಿ ತುಂಬಿರಲೇಬೇಕು ಅಲ್ವಾ, ಮತ್ತೆ ನೂರು ಯಾಕೆ ಬರಲ್ಲ ಅಂತ ಕೇಳುತ್ತಾರೆ.

ಬರುವುದಿಲ್ಲ. ಬರಬಾರದು ಕೂಡ. ಯಾಕೆ ಅಂತ ಹೇಳುತ್ತೇನೆ.

ನೀರು ಸೊನ್ನೆಗಿಂತ ಕೆಳಗೂ ಗಡ್ಡೆ ಕಟ್ಟದೆ ಇರಬಲ್ಲದು. ಮೋಡದಲ್ಲಿ ಮೈನಸ್ 20ರಲ್ಲೂ ನೀರಿನ ಹನಿ ಹನಿಯಾಗಿಯೇ ಇರುವುದುಂಟು. ಆ ನೀರಿನ ಮೇಲೆ ಎಷ್ಟು ಆವಿ ನಿಲ್ಲುತ್ತದೋ ಅದನ್ನೇ ನೂರು ಅಂತ ಲೆಕ್ಕ ಹಿಡಿಯುವುದು ಹವಾಮಾನದವರ ಪದ್ಧತಿ, ಸೊನ್ನೆಯ ಕೆಳಗೂ ಅದೇ. ಹೆಚ್ಚಿನ ಸೆನ್ಸರ್ ತಯಾರಕರೂ ಅದನ್ನೇ ಅನುಸರಿಸುತ್ತಾರೆ. ಆದರೆ ನಿಮ್ಮ ರೂಮಿನಲ್ಲಿ ಇರುವುದು ಗಡ್ಡೆ. ಗಡ್ಡೆಯಾದ ನೀರು ತನ್ನ ಕಣಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಆವಿಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮೈನಸ್ 20ರಲ್ಲಿ ನೀರಿನ ಮೇಲೆ 125 ಪಾಸ್ಕಲ್ ಆವಿಯ ಒತ್ತಡ ನಿಂತರೆ ಹಿಮದ ಮೇಲೆ ನಿಲ್ಲುವುದು 103 ಮಾತ್ರ. 125ಕ್ಕೆ 103 ಅಂದರೆ ಶೇ. 82. ಅದಕ್ಕಿಂತ ಹೆಚ್ಚಾದ ಆವಿ ಗಾಳಿಯಲ್ಲಿ ಉಳಿಯದೆ ಗೋಡೆಗೋ ಪ್ಯಾಕೆಟ್‌ಗೋ ಹಿಮವಾಗಿ ಅಂಟಿಕೊಳ್ಳುತ್ತದೆ.

ಹಾಗಾಗಿ ಹಿಮ ತುಂಬಿದ ರೂಮಿನಲ್ಲಿ ಸರಿಯಾದ ಸೆನ್ಸರ್ ಹೆಚ್ಚೆಂದರೆ ಎಷ್ಟು ತೋರಿಸಬೇಕು ಅನ್ನುವುದು ಹೀಗಿದೆ. ಕಂಟ್ರೋಲ್ ಪ್ಯಾನೆಲ್ ಬಾಗಿಲ ಒಳಗೆ ಬರೆದು ಅಂಟಿಸಿಬಿಡಿ.

ಮೈನಸ್ 5: ಶೇ. 95
ಮೈನಸ್ 10: ಶೇ. 91
ಮೈನಸ್ 15: ಶೇ. 86
ಮೈನಸ್ 18: ಶೇ. 84
ಮೈನಸ್ 20: ಶೇ. 82
ಮೈನಸ್ 25: ಶೇ. 78
ಮೈನಸ್ 30: ಶೇ. 75

ಪಟ್ಟಿ ಕೈಲಿಲ್ಲದಿದ್ದರೆ, ಸೊನ್ನೆಯಿಂದ ಇಳಿದ ಪ್ರತಿ ಡಿಗ್ರಿಗೂ ನೂರರಲ್ಲಿ ಒಂದು ಕಳೆಯಿರಿ. ಮೈನಸ್ 20ರವರೆಗೆ ಒಂದೆರಡು ಪಾಯಿಂಟ್, ಅದಕ್ಕಿಂತ ಕೆಳಗೆ ಮೂರರಿಂದ ಐದು ಪಾಯಿಂಟ್ ಕಡಿಮೆ ಬರುತ್ತದೆ, ಆದರೆ ಸ್ಥಳದಲ್ಲೇ ಅಂದಾಜು ಮಾಡುವುದಕ್ಕೆ ಸಾಕು.

ಈ ಅಂಕಿಯ ಹತ್ತಿರ ಸ್ವಲ್ಪ ಏರಿಳಿತ ಕಾಣುತ್ತಿದ್ದರೆ ನಿಮ್ಮ ಸೆನ್ಸರ್ ಚೆನ್ನಾಗಿದೆ. ಅದನ್ನು ನೂರಕ್ಕೆ ತರಲು ಕಂಟ್ರೋಲರಿನಲ್ಲಿ ಆಫ್‌ಸೆಟ್ ತಿರುಗಿಸಬೇಡಿ. ಹಾಗೆ 18 ಪಾಯಿಂಟ್ ಸೇರಿಸಿಟ್ಟಿದ್ದ ಒಂದು ರೂಮು ನೋಡಿದ್ದೇನೆ. ಆಮೇಲೆ ಅಲ್ಲಿ ಯಾವ ಅಂಕಿಯನ್ನೂ ನಂಬುವ ಹಾಗಿರಲಿಲ್ಲ.

ಆ ಅಂಕಿಯಲ್ಲೇ ಕಲ್ಲಿನ ಹಾಗೆ ನಿಂತಿದೆ

ಇದು ಬೇರೆ ಕಥೆ. ಗೋಡೌನಿನಲ್ಲಿ ಆಗಿದ್ದು ಇದೇ. ಮೈನಸ್ 19ಕ್ಕೆ ಹಿಮದ ಲೆಕ್ಕ ಶೇ. 83, ಡಿಸ್‌ಪ್ಲೇಯಲ್ಲೂ 83. ಬಾಗಿಲು ತೆರೆದರೂ, ಡಿಫ್ರಾಸ್ಟ್ ಆದರೂ, ಫ್ಯಾನ್ ನಿಂತರೂ ಅದು ಕದಲುತ್ತಿರಲಿಲ್ಲ. ಸೆನ್ಸರ್ ಅಳೆಯುತ್ತಿದ್ದದ್ದು ರೂಮಿನ ಗಾಳಿಯನ್ನಲ್ಲ, ತನ್ನ ಕ್ಯಾಪಿಗೆ ಮೆತ್ತಿದ ಹಿಮವನ್ನು. ಅಳೆಯುವ ಕೆಲಸ ಮಾತ್ರ ಸರಿಯಾಗಿಯೇ ಮಾಡುತ್ತಿತ್ತು.

ಖಚಿತ ಮಾಡಿಕೊಳ್ಳುವುದು ಸುಲಭ. ಅಂಕಿಗಳನ್ನು ತಾನೇ ದಾಖಲಿಸಿಕೊಳ್ಳುವ ಡೇಟಾ ಲಾಗರ್ ಇದ್ದರೆ ಹಿಂದಿನ 24 ಗಂಟೆಯ ಗ್ರಾಫ್ ತೆಗೆಯಿರಿ. ಲೋಡಿಂಗ್ ಮಾಡಿದ ಹೊತ್ತು, ಡಿಫ್ರಾಸ್ಟ್ ಆದ ಹೊತ್ತು ಗೆರೆ ಅಲುಗಿರಬೇಕು. ಉಷ್ಣತೆಯ ಗೆರೆ ಕುಣಿದಿದ್ದು ತೇವಾಂಶದ ಗೆರೆ ಮಲಗಿದ್ದರೆ ಹಿಮ ಕೂತಿದೆ ಅಂತಲೇ ತಿಳಿಯಿರಿ. ಆಮೇಲೆ ಟಾರ್ಚ್ ಬಿಟ್ಟು ಕ್ಯಾಪ್ ನೋಡಿ.

ಹಿಮ ಇದ್ದರೆ ಕೆರೆಯಬೇಡಿ. ಸ್ಕ್ರೂಡ್ರೈವರ್ ಮುಟ್ಟಿಸಲೇಬೇಡಿ. ಹೇರ್ ಡ್ರೈಯರ್, ಹೀಟ್ ಗನ್ ಹಿಡಿಯಬೇಡಿ. ಒಳಗಿರುವ ಪಾಲಿಮರ್ ಪದರ ಕೂದಲಿಗಿಂತ ತೆಳು, ಅಷ್ಟು ಬಿಸಿ ತಡೆಯುವುದಿಲ್ಲ. ಸ್ಪಿರಿಟ್, ಥಿನ್ನರ್ ಹಾಕಿ ಒರೆಸಿದರೂ ಅದು ಹಾಳಾಗುತ್ತದೆ.

ಸೆನ್ಸರ್ ತಲೆಯನ್ನು ಬಿಚ್ಚಿ, ರೂಮಿನ ಒಳಗೇ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ತೆಗೆದು, ರಬ್ಬರ್ ಬ್ಯಾಂಡ್ ಬಿಗಿದು ಆಮೇಲೆ ಹೊರಗೆ ತನ್ನಿ. ಎರಡು ಗಂಟೆ ಹಾಗೇ ಬಿಡಿ. ಈ ಕವರ್ ತುಂಬಾ ಮುಖ್ಯ. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿ ಎಷ್ಟು ತೇವವಾಗಿರುತ್ತದೆ ಅಂದರೆ, ಮೈನಸ್ 20ರಲ್ಲಿದ್ದ ವಸ್ತುವನ್ನು ಹಾಗೇ ಹೊರಗೆ ತಂದರೆ ಕ್ಷಣದಲ್ಲಿ ಮೈತುಂಬ ಬೆವರುತ್ತದೆ. ಆ ನೀರು ಸರ್ಕ್ಯೂಟ್ ಬೋರ್ಡಿಗೆ ಇಳಿದರೆ ಚೆನ್ನಾಗಿದ್ದ ಸೆನ್ಸರ್ ನಿಜವಾಗಿಯೂ ಕೆಡುತ್ತದೆ. ಕವರಿದ್ದರೆ ನೀರು ಕವರಿನ ಹೊರಮೈ ಮೇಲೆ ಕೂರುತ್ತದೆ. ಬೆಚ್ಚಗಾದ ಮೇಲೆ ಕವರ್ ತೆಗೆದು, ಕ್ಯಾಪ್ ಬಿಚ್ಚಿ, ಫ್ಯಾನ್ ಕೆಳಗೆ ಒಂದು ರಾತ್ರಿ ಒಣಗಲು ಬಿಡಿ.

ಆದರೆ ಒಣಗಿಸಿ ಮತ್ತೆ ಅದೇ ಜಾಗಕ್ಕೆ ಹಾಕಿದರೆ ವಾರದಲ್ಲಿ ಅದೇ ಕಥೆ. ಹಿಮ ಬಂದದ್ದು ಎಲ್ಲಿಂದ ಅಂತ ಹುಡುಕಬೇಕು. ಹೊರಗೆ 25 ಡಿಗ್ರಿ, ಶೇ. 70 ತೇವಾಂಶ ಇದ್ದರೆ ಆ ಗಾಳಿಯ ಆವಿಯ ಒತ್ತಡ ಸುಮಾರು 2,200 ಪಾಸ್ಕಲ್. ಒಳಗೆ ಹೆಚ್ಚೆಂದರೆ 103. ಇಪ್ಪತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಪೆನ್ಸಿಲ್ ಗಾತ್ರದ ತೂತು ಸಿಕ್ಕರೂ ಆವಿ ಒಳಗೆ ಬಂದೇ ಬರುತ್ತದೆ. ಕೇಬಲ್ ಬರುವ ತೂತು, ಕಂಡ್ಯೂಟ್ ಪೈಪಿನ ಒಳಗು, ಪ್ಯಾನೆಲ್ ಜೋಡಣೆ, ಬಾಗಿಲ ಗ್ಯಾಸ್ಕೆಟ್ (ಅಂಚಿನ ರಬ್ಬರ್ ಪಟ್ಟಿ) ಒಂದೊಂದಾಗಿ ನೋಡಿ. ಕಂಡ್ಯೂಟ್ ಪೈಪಿನ ಬಾಯಿ ಮುಚ್ಚುವುದನ್ನೇ ಎಲ್ಲರೂ ಮರೆಯುತ್ತಾರೆ. ಕೇಬಲ್ ಸುತ್ತ ಗ್ಲ್ಯಾಂಡ್ ಹಾಕಿ ಬಿಗಿ ಮಾಡಿ, ಬೆಚ್ಚಗಿನ ಕಡೆಯಿಂದ ಸೀಲ್ ಮಾಡಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆವಿ ಸೆನ್ಸರ್ ಪದರಕ್ಕೆ ಒಳ್ಳೆಯದಲ್ಲ. ನ್ಯೂಟ್ರಲ್ ಅಂತ ಟ್ಯೂಬ್ ಮೇಲೆ ಬರೆದಿರುವುದನ್ನು ತನ್ನಿ.

ಗೋಡೌನಿನಲ್ಲಿ ಆ ಸಂದು ಮುಚ್ಚಿ, ಡ್ರಾಯರಿನಲ್ಲಿದ್ದ ಹಳೆಯ ಸೆನ್ಸರನ್ನೇ ಮತ್ತೆ ಹಾಕಿದೆವು. ಈಗ ಅದು 70ರಿಂದ 80ರ ನಡುವೆ ಓಡಾಡಿಕೊಂಡಿದೆ.

ಹಿಮದ ಲೆಕ್ಕ ದಾಟಿ ನೂರು ತೋರಿಸುತ್ತಿದೆ

ಮೊದಲು ಸೆಟ್ಟಿಂಗ್ ನೋಡಿ. ಕೆಲವು ಟ್ರಾನ್ಸ್‌ಮಿಟರ್‌ಗಳಲ್ಲಿ, ಅಂದರೆ ಸೆನ್ಸರಿನ ಅಂಕಿಯನ್ನು ಪ್ಯಾನೆಲಿಗೆ ಕಳಿಸುವ ಭಾಗದಲ್ಲಿ, ಸೊನ್ನೆಯ ಕೆಳಗೆ ಹಿಮವನ್ನೇ ನೂರು ಅಂತ ಹಿಡಿಯುವ ಆಯ್ಕೆ ಇರುತ್ತದೆ. ಅದು ಆನ್ ಆಗಿದ್ದರೆ ನೂರು ಸರಿ. ಇಲ್ಲದಿದ್ದರೆ ಡಿಫ್ರಾಸ್ಟ್ ಆದಾಗ ಕರಗಿದ ನೀರು ಕ್ಯಾಪಿನ ಒಳಗೆ ಹೋಗಿರಬಹುದು, ಅಥವಾ ಪದರಕ್ಕೆ ಕೊಳೆ ಕೂತಿರಬಹುದು. ಹೊರಗೆ ತಂದು ಒಣಗಿಸಿ, ಕೆಳಗೆ ಹೇಳಿರುವ ಉಪ್ಪಿನ ಪರೀಕ್ಷೆ ಮಾಡಿ.

ಬಾಗಿಲು ಮುಚ್ಚಿ ಎಷ್ಟೋ ಹೊತ್ತಾದರೂ ಅಂಕಿ ಇಳಿಯುತ್ತಿಲ್ಲ

ಚಳಿಯಲ್ಲಿ ಸೆನ್ಸರ್ ನಿಧಾನವಾಗುತ್ತದೆ. ಈಗ ಜಾಸ್ತಿ ಬಳಕೆಯಲ್ಲಿರುವ ಕೆಪಾಸಿಟಿವ್ ಸೆನ್ಸರಿನಲ್ಲಿ ಎರಡು ಎಲೆಕ್ಟ್ರೋಡ್ ನಡುವೆ ಪಾಲಿಮರ್ ಪದರ ಇರುತ್ತದೆ. ಆವಿ ಅದರೊಳಗೆ ಇಳಿದು, ಮತ್ತೆ ಹೊರಬರಬೇಕು. ಬೆಚ್ಚಗಿದ್ದಾಗ ಇದು ಸೆಕೆಂಡುಗಳ ಕೆಲಸ. ಮೈನಸ್ 20ರಲ್ಲಿ, ಅದೂ ಫಿಲ್ಟರ್ ಕ್ಯಾಪಿನ ಒಳಗೆ, ಗಾಳಿ ಆಡದ ಮೂಲೆಯಲ್ಲಿ, ನಿಮಿಷಗಟ್ಟಲೆ ಹಿಡಿಯುತ್ತದೆ.

ಇದು ಹಳೆಯ ತೊಂದರೆ. 1938ರಲ್ಲಿ ಅಮೆರಿಕದ ಡನ್ಮೋರ್ ಅನ್ನುವವರು ಹವಾಮಾನ ಬಲೂನಿಗಾಗಿ ಲಿಥಿಯಂ ಕ್ಲೋರೈಡ್ ಲೇಪಿಸಿದ ವಿದ್ಯುತ್ ತೇವಾಂಶ ಮಾಪಕ ಮಾಡಿದರು. ಅಂಥ ಮಾಪಕಗಳಿಗೂ ಮೇಲಿನ ಚಳಿಯಲ್ಲಿ ಇದೇ ಗೋಳು. ಬಲೂನು ಮೇಲೇರುತ್ತಲೇ ಇರುತ್ತದೆ, ಮಾಪಕ ಇನ್ನೂ ಕೆಳಗಿನ ಗಾಳಿಯ ಲೆಕ್ಕ ಹೇಳುತ್ತಿರುತ್ತದೆ.

ಅರ್ಧ ಗಂಟೆ ಬಾಗಿಲು ತೆಗೆಯದೆ ಕಾದು ನೋಡಿ. ಆಮೇಲೆ ಇಳಿದರೆ ಸೆನ್ಸರ್ ಸರಿ ಇದೆ. ಫ್ಯಾನಿನ ಗಾಳಿ ಮೆಲ್ಲಗೆ ತಾಗುವ ಜಾಗಕ್ಕೆ ಅದನ್ನು ಸರಿಸಿ. ಕ್ಯಾಪಿನಲ್ಲಿ ಧೂಳು, ಎಣ್ಣೆ ಜಿಡ್ಡು ಕೂತಿದ್ದರೆ ಕ್ಯಾಪ್ ಮಾತ್ರ ಬದಲಾಯಿಸಿ, ಅದಕ್ಕೆ ಸೆನ್ಸರಿನಷ್ಟು ಬೆಲೆ ಇಲ್ಲ.

ದಿನಕ್ಕೆ ಮೂರು ನಾಲ್ಕು ಸಲ ಅಂಕಿ ಎಗರುತ್ತದೆ

ಹೊತ್ತು ಬರೆದಿಡಿ. ಡಿಫ್ರಾಸ್ಟ್ ಟೈಮರ್ ಜೊತೆ ತಾಳೆಯಾದರೆ ಕಾಯಿಲ್ ಮೇಲಿನ ಐಸ್ ಕರಗಿ ಎದ್ದ ಆವಿ ಅದು. ಲೋಡಿಂಗ್ ಹೊತ್ತಿಗೆ ತಾಳೆಯಾದರೆ ಬಾಗಿಲು. ಎರಡರಲ್ಲೂ ಸೆನ್ಸರ್ ಸತ್ಯವನ್ನೇ ಹೇಳುತ್ತಿದೆ. ಕಾಯಿಲ್ ಎದುರಿಗೆ ಅಥವಾ ಬಾಗಿಲ ಮೇಲೆ ಇದ್ದರೆ ಅಲ್ಲಿಂದ ತೆಗೆದು ಬೇರೆ ಕಡೆ ಹಾಕಿ. ಬಾಗಿಲ ಪಿವಿಸಿ ಪರದೆಯಲ್ಲಿ ಎರಡು ಪಟ್ಟಿ ಕಿತ್ತುಹೋಗಿದ್ದರೂ ಗ್ರಾಫ್‌ನಲ್ಲಿ ಗೊತ್ತಾಗುತ್ತದೆ.

ಒಂದೇ ರೂಮು, ಎರಡು ಸೆನ್ಸರ್, ಎರಡು ಮಾತು

ಎರಡರ ಉಷ್ಣತೆಯ ಅಂಕಿ ಮೊದಲು ಹೋಲಿಸಿ. ಮೈನಸ್ 20ರ ಹತ್ತಿರ ಒಂದು ಡಿಗ್ರಿ ವ್ಯತ್ಯಾಸವಾದರೆ ತೇವಾಂಶದ ಓದು ಸುಮಾರು ಏಳು ಪಾಯಿಂಟ್ ಬದಲಾಗುತ್ತದೆ. ಟ್ಯೂಬ್‌ಲೈಟ್ ಪಕ್ಕದಲ್ಲಿದ್ದದ್ದು, ತನ್ನದೇ ಸರ್ಕ್ಯೂಟಿನ ಬಿಸಿ ಹಿಡಿದಿಟ್ಟುಕೊಂಡ ಮುಚ್ಚಿದ ಡಬ್ಬದಲ್ಲಿದ್ದದ್ದು ಕಡಿಮೆ ತೋರಿಸುತ್ತದೆ. ಎರಡನ್ನೂ ಪಕ್ಕಪಕ್ಕ ಕಟ್ಟಿ ಒಂದು ರಾತ್ರಿ ಬಿಟ್ಟು ನೋಡಿ.

ಶೇಕಡಾ ಬದಲು ಡಿಗ್ರಿಯಲ್ಲಿ ತೋರಿಸುವ ಮೀಟರ್ ಆದರೆ ಇನ್ನೊಂದು ಗೊಂದಲ. ಒಂದು ಇಬ್ಬನಿ ಬಿಂದು (ಆವಿ ನೀರಾಗಲು ಶುರುವಾಗುವ ಉಷ್ಣತೆ) ಹೇಳುತ್ತಿರಬಹುದು, ಇನ್ನೊಂದು ಹಿಮ ಬಿಂದು (ಆವಿ ಹಿಮವಾಗಲು ಶುರುವಾಗುವ ಉಷ್ಣತೆ). ಅದೇ ಗಾಳಿಗೆ ಹಿಮ ಬಿಂದು ಮೈನಸ್ 20 ಆದರೆ ಇಬ್ಬನಿ ಬಿಂದು ಮೈನಸ್ 22ರ ಆಚೆ ಬರುತ್ತದೆ. ಎರಡೂ ಸರಿ.

ಹೊರಗೆ ಸರಿ, ಒಳಗೆ ಇಟ್ಟರೆ ಏನೇನೋ ತೋರಿಸುತ್ತದೆ

ಸೆನ್ಸರ್ ಯಾವ ಜಾತಿಯದು ಅಂತ ನೋಡಿ. ಡಿಎಚ್‌ಟಿ11 ಥರದ ಅಗ್ಗದ ಸೆನ್ಸರ್ 0ರಿಂದ 50 ಡಿಗ್ರಿಗೆ ಮಾತ್ರ. ಅದು ರೆಸಿಸ್ಟಿವ್ ಜಾತಿ. ಅದರಲ್ಲಿ ಅಯಾನುಗಳು ಓಡಾಡಿದರೆ ತಾನೇ ಅಳತೆ, ಚಳಿಯಲ್ಲಿ ಅವು ಓಡಾಡುವುದೇ ಕಷ್ಟ. ಹಾಗಾಗಿ ಫ್ರೀಜರ್ ರೂಮಿಗೆ ಅದನ್ನು ತರಲೇಬೇಡಿ. ಡಿಎಚ್‌ಟಿ22, ಎಸ್‌ಎಚ್‌ಟಿ3ಎಕ್ಸ್ ಜಾತಿಯವು ಮೈನಸ್ 40ರವರೆಗೆ ಕೆಲಸ ಮಾಡುತ್ತವೆ, ಆದರೆ ತೀರಾ ಚಳಿಯಲ್ಲಿ ಬೆಚ್ಚಗಿದ್ದಾಗಿನಷ್ಟು ನಿಖರತೆ ನಿರೀಕ್ಷಿಸಬೇಡಿ. ಬತ್ತಿ ಒದ್ದೆ ಮಾಡಿ ಅಳೆಯುವ ಥರ್ಮಾಮೀಟರಿನ ಬತ್ತಿ ಒಳಗೆ ಗಡ್ಡೆ ಕಟ್ಟುತ್ತದೆ, ಅದಕ್ಕೆ ಹೋಲಿಸಿ ಸೆನ್ಸರನ್ನು ದೂರಬೇಡಿ.

ಎಲ್ಲಾ ನೋಡಿದ ಮೇಲೂ ಅನುಮಾನ ಉಳಿದರೆ: ಉಪ್ಪು, ಆಮೇಲೆ ಹಿಮ

ಉಪ್ಪಿನ ಪರೀಕ್ಷೆ ರೂಮಿನ ಹೊರಗೆ ಮಾಡುವಂಥದ್ದು. ಬಾಟಲಿ ಮುಚ್ಚಳದಲ್ಲಿ ಎರಡು ಚಮಚ ಪುಡಿ ಉಪ್ಪು ಹಾಕಿ. ಹನಿ ಹನಿಯಾಗಿ ನೀರು ಬಿಡುತ್ತಾ ಹೋಗಿ. ಉಪ್ಪು ಒದ್ದೆ ಮರಳಿನ ಹಾಗಾಗಬೇಕು, ಮೇಲೆ ನೀರು ನಿಲ್ಲಬಾರದು. ಅದನ್ನು ಗಾಳಿಯಾಡದ ಡಬ್ಬದಲ್ಲಿಟ್ಟು, ಸೆನ್ಸರನ್ನು ಉಪ್ಪಿಗೆ ತಾಗದ ಹಾಗೆ ಇಟ್ಟು ಮುಚ್ಚಿ. ಬಿಸಿಲು ಬೀಳದ, ಫ್ಯಾನ್ ಗಾಳಿ ಬಡಿಯದ ಕಡೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 72ರಿಂದ 78ರ ಒಳಗಿದ್ದರೆ ನಾನು ಒಳ್ಳೆಯದು ಅನ್ನುತ್ತೇನೆ.

ಇದಾದ ಮೇಲೆ ಹಿಮದ ಪರೀಕ್ಷೆ. ಗೋಡೆಯ ಹಿಮವನ್ನು ಅದೇ ಡಬ್ಬಕ್ಕೆ ಒಂದು ಹಿಡಿ ತುಂಬಿ, ತಾಗದ ಹಾಗೆ ಸೆನ್ಸರ್ ಇಟ್ಟು ಮುಚ್ಚಿ, ಫ್ರೀಜರ್ ರೂಮಿನ ನಡುವಿನ ಶೆಲ್ಫಿನಲ್ಲಿ ಒಂದು ರಾತ್ರಿ ಬಿಡಿ. ಓದಿದ ಅಂಕಿಯನ್ನು ಮೇಲಿನ ಪಟ್ಟಿಗೆ ಹೋಲಿಸಿ. ಹೊರಗೆ ಉಪ್ಪು ಗೆದ್ದು ಒಳಗೆ ಹಿಮ ಸೋತರೆ, ಸೆನ್ಸರಿನ ಚಳಿ ಲೆಕ್ಕ ಅಥವಾ ಅದರ ಥರ್ಮಾಮೀಟರ್ ತಪ್ಪಿದೆ. ಎರಡೂ ಸೋತರೆ ಮಾತ್ರ ಹೊಸದು ತನ್ನಿ.

ಸೆನ್ಸರ್ ಗೆದ್ದಿದೆ, ಪ್ಯಾನೆಲ್ ಅಂಕಿ ತಪ್ಪು

ತಂತಿ ನೋಡುವ ಹಂತ. ಮಲ್ಟಿಮೀಟರ್ ಹಿಡಿದು ಅಭ್ಯಾಸವಿದ್ದರೆ ಮಾತ್ರ ಮುಂದುವರಿಯಿರಿ. 4-20 ಮಿಲಿಆಂಪ್ ಟ್ರಾನ್ಸ್‌ಮಿಟರಿನಲ್ಲಿ 4 ಅಂದರೆ ಸೊನ್ನೆ, 20 ಅಂದರೆ ನೂರು. ಮೀಟರನ್ನು ಸಾಲಿನಲ್ಲಿ ಸೇರಿಸಿ ಓದಿ, ಬಂದದ್ದರಲ್ಲಿ 4 ಕಳೆದು, 16ರಿಂದ ಭಾಗಿಸಿ, ನೂರರಿಂದ ಗುಣಿಸಿ. 17.1 ಬಂದರೆ ಶೇ. 82. ಮೀಟರಿನ ಲೆಕ್ಕ ಸರಿ ಇದ್ದು ಪ್ಯಾನೆಲ್ ಬೇರೆ ತೋರಿಸಿದರೆ ಪ್ಯಾನೆಲಿನ ರೇಂಜ್ ಸೆಟ್ಟಿಂಗ್ ತಪ್ಪಿದೆ. 4ಕ್ಕಿಂತ ಕೆಳಗಿದ್ದರೆ ತಂತಿ ಕಡಿದಿರಬಹುದು, ಟರ್ಮಿನಲ್ ಸಡಿಲ ಇರಬಹುದು, ಇಲ್ಲವೇ ಟ್ರಾನ್ಸ್‌ಮಿಟರ್ ತಾನೇ ದೋಷ ಹೇಳುತ್ತಿರಬಹುದು. ಪಿವಿಸಿ ಹೊದಿಕೆಯ ಸಾಮಾನ್ಯ ಕೇಬಲ್ ಚಳಿಯಲ್ಲಿ ಗಡುಸಾಗಿ, ಬಗ್ಗಿಸಿದ ಕಡೆ ಬಿರಿಯುತ್ತದೆ. ಬಾಗಿದ ಜಾಗಗಳನ್ನು ನೋಡಿ. ಮಿಲಿಆಂಪ್ ತೂತಿನಲ್ಲಿ ವೈರ್ ಇಟ್ಟುಕೊಂಡು ಮೇನ್ಸ್ ಟರ್ಮಿನಲ್ ಮುಟ್ಟಿದರೆ ಮೀಟರ್ ಸಿಡಿಯುತ್ತದೆ, ಕೈಯೂ ಸುಡುತ್ತದೆ. ಯಾವುದು 24 ವೋಲ್ಟ್, ಯಾವುದು 230 ಅಂತ ಗೊತ್ತಿಲ್ಲದಿದ್ದರೆ ಪ್ಯಾನೆಲ್ ಮುಚ್ಚಿಬಿಡಿ.

ಯಾವಾಗ ಬೇರೆಯವರನ್ನು ಕರೆಯಬೇಕು

ಲಸಿಕೆ, ಔಷಧಿ ಇಟ್ಟ ಫ್ರೀಜರ್ ಆದರೆ ಮೊದಲ ಹೆಜ್ಜೆಯಲ್ಲೇ. ಅಲ್ಲಿ ಸೆನ್ಸರ್ ಬಿಚ್ಚಿ ನೋಡುವುದೂ ಬೇಡ, ಜವಾಬ್ದಾರಿ ಇರುವವರಿಗೆ ತಿಳಿಸಿ. ಆಡಿಟ್‌ಗೆ ದಾಖಲೆ ಕೊಡಬೇಕಾದ ಕಡೆ ಉಪ್ಪಿನ ಪರೀಕ್ಷೆ ನಿಮ್ಮ ಸಮಾಧಾನಕ್ಕೆ ಮಾತ್ರ, ಸರ್ಟಿಫಿಕೇಟ್ ಬೇಕಾದರೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೇ ಕಳಿಸಬೇಕು. ಹಾಗೆ ಕಳಿಸುವಾಗ ಮೈನಸ್ ಉಷ್ಣತೆಯಲ್ಲಿ ಪರೀಕ್ಷೆ ಮಾಡುತ್ತೀರಾ ಅಂತ ಕೇಳಿ. 25 ಡಿಗ್ರಿಯಲ್ಲಿ ಮಾತ್ರ ಮಾಡಿದ ಸರ್ಟಿಫಿಕೇಟ್ ನಿಮ್ಮ ರೂಮಿಗೆ ಅರ್ಧ ಉತ್ತರವಷ್ಟೇ. ಕಾಯಿಲ್ ಪೂರ್ತಿ ಐಸ್ ಕಟ್ಟಿದ್ದರೆ, ಡಿಫ್ರಾಸ್ಟ್ ಆದರೂ ಕರಗದಿದ್ದರೆ, ರೂಮಿನ ಉಷ್ಣತೆಯೇ ಏರುತ್ತಿದ್ದರೆ ಅದು ರೆಫ್ರಿಜರೇಷನ್ ಮೆಕ್ಯಾನಿಕ್ ಕೆಲಸ.

ಕರೆಯುವಾಗ ಬರೀ "ಸೆನ್ಸರ್ ಕೆಟ್ಟಿದೆ" ಅನ್ನಬೇಡಿ. ರೂಮಿನ ಉಷ್ಣತೆ ಎಷ್ಟು, ತೇವಾಂಶ ಎಷ್ಟರಲ್ಲಿ ನಿಂತಿದೆ, ಯಾವ ಹೊತ್ತಿನಿಂದ, ಡಿಫ್ರಾಸ್ಟ್ ಆದಾಗ ಅಲುಗಿತಾ, ಕ್ಯಾಪ್ ಮೇಲೆ ಹಿಮ ಇತ್ತಾ, ಉಪ್ಪಿನಲ್ಲಿ ಎಷ್ಟು ಬಂತು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು, ಕ್ಯಾಪಿನ ಫೋಟೋ ಜೊತೆ ವಾಟ್ಸಾಪ್ ಮಾಡಿ. ಆ ಗೋಡೌನಿನ ಹುಡುಗ ಈಗ ಹಾಗೇ ಕಳಿಸುತ್ತಾನೆ. ಹೋದ ಸಲ ಅವನ ಫೋಟೋ ನೋಡಿ, ಬಾಗಿಲ ಗ್ಯಾಸ್ಕೆಟ್ ಬದಲಾಯಿಸು ಅಂತ ಫೋನಿನಲ್ಲೇ ಹೇಳಿದೆ.